ವಾರಕ್ಕೆ ಕುರಿ ಕೊಟ್ಟವನು

ಹಾಸನದ ನಮ್ಮ ಬಡಾವಣೆಯ ಮಟನ್ ಅಂಗಡಿಯಲ್ಲಿ ಕಳೆದ ಭಾನುವಾರ ಕುರಿತಲೆ ಸುಡುತ್ತಿದ್ದರು. ಕೂದಲು ಕಮರುವ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಳೆನರಸೀಪುರ ತಾಲ್ಲೂಕಿನ ನಮ್ಮೂರಿನ ಒಬ್ಬ ಮನುಷ್ಯ ನೆನಪಾದ. ಬದುಕಿದ್ದಷ್ಟು ದಿನ ಊರೆಲ್ಲ ಅವನನ್ನು ಯಜಮಾನ್ರು ಅನ್ನುತ್ತಿತ್ತು. ನಾನೂ ಅಂದಿದ್ದೇನೆ. ಈಗ ಅನ್ನುವುದಿಲ್ಲ.

ಊರಿನ ಹೊಲಗದ್ದೆಯಲ್ಲಿ ಅರ್ಧದಷ್ಟು ಅವನದು. ನಮ್ಮದು ಊರಾಚೆಯ ಕೇರಿ, ಜಮೀನಿಲ್ಲದ ಮನೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಅವನಿಂದ ಐದು ಹೆಣ್ಣುಕುರಿ ವಾರಕ್ಕೆ ತಂದಳು. ವಾರ ಅಂದರೆ ಕುರಿ ಅವನದು, ಸಾಕುವ ಕೆಲಸ ನಮ್ಮದು. ಹುಟ್ಟಿದ ಮರಿಗಳಲ್ಲಿ ಇಬ್ಬರಿಗೂ ಸಮಪಾಲು. ಕೇಳುವುದಕ್ಕೆ ನ್ಯಾಯವಾಗಿಯೇ ಇತ್ತು...

ಅವ್ವ ಕುರಿ ಸಾಕುವುದರಲ್ಲಿ ಎತ್ತಿದ ಕೈ. ಹಿಕ್ಕೆ ನೋಡಿಯೇ ಯಾವುದಕ್ಕೆ ಹೊಟ್ಟೆ ಸರಿಯಿಲ್ಲವೆಂದು ಹೇಳುತ್ತಿದ್ದಳು. ಮಳೆ ಬಿದ್ದಾಗ ಚಿಗುರುವ ಎಳೆಹುಲ್ಲಿಗೆ, ಹೊಟ್ಟೆ ಉಬ್ಬರಿಸೀತೆಂದು, ಬಾಯಿ ಹಾಕಲು ಬಿಡುತ್ತಿರಲಿಲ್ಲ. ಆದರೂ ವರ್ಷಕ್ಕೊಂದು ಮರಿ ಸಾಯುತ್ತಿತ್ತು. ಸುದ್ದಿ ತಲುಪಿದ ದಿನವೇ ಅವನು ಬರುತ್ತಿದ್ದ. ಕೇರಿಯೊಳಗೆ ಕಾಲಿಡುತ್ತಿರಲಿಲ್ಲ. ಕೇರಿಯ ಬಾಯಲ್ಲೇ ನಿಂತು ಕೂಗಿ ಹೇಳುತ್ತಿದ್ದ:

"ಸತ್ತಿದ್ದು ನಿಂದು ಕಣಮ್ಮಿ. ಬದ್ಕಿರದು ನಂದು."

ನಾನು ಪಿಯುಸಿ ಓದುತ್ತಿದ್ದ ವರ್ಷ ಅಕ್ಕ ಚೊಚ್ಚಲ ಹೆರಿಗೆಗೆ ಮನೆಗೆ ಬಂದಳು. ಅವಳಿಗೆಂದೇ ಅವ್ವ ನಮ್ಮ ಪಾಲಿನ ಒಂದು ಟಗರನ್ನು ಉಳಿಸಿಕೊಂಡಿದ್ದಳು. ಹಂಚಿಕೆ ಮುಗಿದು ತಿಂಗಳುಗಳೇ ಆಗಿದ್ದವು. ಅವನೂ ತನ್ನ ಪಾಲಿನ ಟಗರನ್ನು ಆರಿಸಿ, ನಮ್ಮಲ್ಲೇ ಮೇಯಲಿ ಅಂತ ಬಿಟ್ಟಿದ್ದ. ನಮ್ಮ ಕಡೆ ಬಾಣಂತಿಗೆ ಕುರಿಕಾಲಿನ ಸೂಪು ಕುಡಿಸುತ್ತಾರೆ, ಸೊಂಟ ಗಟ್ಟಿಯಾಗಲಿ ಅಂತ. ಅಕ್ಕನಿಗೆ ಹೆರಿಗೆಯಲ್ಲಿ ರಕ್ತ ಬಹಳ ಹೋಗಿತ್ತು. ಗೋಡೆ ಹಿಡಿದು ನಡೆಯುತ್ತಿದ್ದಳು.

ಯುಗಾದಿಗೆ ನಾಲ್ಕು ದಿನ ಇರುವಾಗ ಅವನ ಪಾಲಿನ ಟಗರು ಹೊಟ್ಟೆ ಉಬ್ಬರಿಸಿ ಸತ್ತಿತು. ಹಬ್ಬದ ಮರುದಿನ ವರ್ಷತೊಡಕು. ಊರಿನವರು ಕೂಡಿ ಕುರಿ ಕಡಿದು ಬಾಡನ್ನು ಗುಡ್ಡೆ ಹಾಕಿ ಹಂಚಿಕೊಳ್ಳುವ ದಿನ. ಅಂದು ಬೆಳಿಗ್ಗೆ ಅವ್ವ ಕುರಿ ಹೊಡೆದುಕೊಂಡು ಹೋಗಿದ್ದಾಗ ಅವನ ಆಳು ಬಂದು, ಮನೆ ಮುಂದೆ ಕಟ್ಟಿದ್ದ ನಮ್ಮ ಟಗರಿನ ಹಗ್ಗ ಬಿಚ್ಚಿದ. ನಾನು ಅಡ್ಡ ನಿಂತೆ. "ಯಜಮಾನ್ರುನ್ನೇ ಕೇಳಮ್ಮಿ" ಅಂದು ಎಳೆದುಕೊಂಡು ಹೋದ. ಅವ್ವನನ್ನು ಹುಡುಕಿ ಕರೆತಂದು ಇಬ್ಬರೂ ಕುರಿ ಕಡಿಯುವ ಹೊಂಗೆಮರದ ಹತ್ತಿರ ಓಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ತಲೆಯನ್ನು ಬೆಂಕಿಗೆ ಹಿಡಿದಿದ್ದರು.

"ಅದು ನಮ್ಮ ಪಾಲಿಂದು ಯಜಮಾನ್ರೇ. ಬಾಣಂತಿಗೆ ಅಂತ ಮಡಗಿದ್ದೆ," ಅಂದಳು ಅವ್ವ.

ಅವನು ಅದೇ ಹಳೆಯ ಮಾತು ಹೇಳಿದ.

"ಓಗ್ಲಿ, ನಾಕು ಕಾಲಾದ್ರೂ ಕೊಡಿ."

"ಕಾಲು ನಮ್ಮನೇಗೆ ಬೇಕು. ಬೋಟಿ ಐತೆ, ತಗಂಡೋಗು."

ತೊಳೆಯದ ಕರುಳಿದ್ದ ಬುಟ್ಟಿಯನ್ನು ಪಾದದಿಂದ ತಳ್ಳಿದ. ಸುತ್ತ ನಿಂತಿದ್ದವರು ತಮ್ಮ ತಮ್ಮ ಗುಡ್ಡೆಯಲ್ಲಿ ಮೂಳೆ ಎಷ್ಟಿದೆ ಅಂತ ನೋಡುತ್ತಿದ್ದರು. ಪಿಯುಸಿ ಓದುತ್ತಿದ್ದ ನನಗೂ ಬಾಯಿ ಬರಲಿಲ್ಲ. ಅವ್ವ ಬುಟ್ಟಿ ಮುಟ್ಟದೆ ತಿರುಗಿದಳು.

ಮರುದಿನ ಅವನು ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಅವ್ವ ಐದೂ ಕುರಿಗಳನ್ನು ಅವನ ಅಂಗಳಕ್ಕೆ ಹೊಡೆದಳು.

"ನಿಮ್ಮ ಕುರಿ ತಂದಿವ್ನಿ. ಒಂದು ಗಬ್ಬ ಆಗೈತೆ. ಮರಿ ಸತ್ರೆ ಯಾರ್ದು, ಬದ್ಕುದ್ರೆ ಯಾರ್ದು, ನೀವೇ ತೀರ್ಮಾನ ಮಾಡ್ಕಳಿ."

"ಒಟ್ಟೆಗೇನ್ ತಿಂತೀಯಮ್ಮಿ?" ಅಂತ ನಕ್ಕ.

ಅವ್ವ ಬೆನ್ನು ತಿರುಗಿಸಿದಳು. ಆದರೆ ಅವಳು ಹೊರಟರೆ ಕುರಿಗಳೂ ಹಿಂದೆಯೇ ಹೊರಟವು. ಎರಡು ಸಲ ಅಟ್ಟಿದಳು, ಎರಡು ಸಲವೂ ಬಂದವು. ಕೊನೆಗೆ, ಎಂದೂ ಅವುಗಳ ಮೇಲೆ ಕೋಲೆತ್ತದವಳು ಮಣ್ಣಿನ ಹೆಂಟೆ ಎತ್ತಿ ಎಸೆದಳು.

ಅಂದಿನಿಂದ ಅವನ ಹೊಲದಲ್ಲಿ ನಮಗೆ ಕೂಲಿಯಿಲ್ಲ, ಬದುವಿನ ಹುಲ್ಲು ಮುಟ್ಟುವಂತಿಲ್ಲ. ಅವ್ವ ಪಕ್ಕದೂರಿಗೆ ಆಲೂಗೆಡ್ಡೆ ಕೀಳಲು ಹೋದಳು. ಅಕ್ಕ ಎದ್ದು ಓಡಾಡುವುದಕ್ಕೆ ತಿಂಗಳುಗಳೇ ಬೇಕಾದವು. ಅವನ ಕೊಟ್ಟಿಗೆಯಲ್ಲಿ ಐದು ಕುರಿಗಳೂ ಆ ಮಳೆಗಾಲ ದಾಟಲಿಲ್ಲ. ಸುದ್ದಿ ಕೇಳಿ ನನಗೆ ಖುಷಿಯಾಯಿತು. ಅವ್ವ ಅವತ್ತು ಊಟ ಮಾಡಲಿಲ್ಲ. ಮತ್ತೆಂದೂ ಕುರಿ ಸಾಕಲಿಲ್ಲ.

ಅವ್ವ ಹೋಗಿ ಮೂರು ವರ್ಷ. ಅವನು ಸತ್ತದ್ದು ಹೋದ ವರ್ಷ. ನಾನು ನರ್ಸ್ ಆಗಿರುವ ಆಸ್ಪತ್ರೆಯವರೆಗೂ ಅವನ ಮಗ ತಿಥಿಯ ಕಾರ್ಡ್ ಹಿಡಿದುಕೊಂಡು ಬಂದಿದ್ದ. ತಲೆಯೆಲ್ಲ ನೆರೆತಿತ್ತು, ಬಹಳ ವಿನಯ.

"ನಿಮ್ಮವ್ವುನ್ನ ಅಪ್ಪ ಆಗಾಗ ನೆನೀತಿದ್ರು ಕಣಮ್ಮ. ಕುರಿ ಸಾಕದು ಅಂದ್ರೆ ಆಯಮ್ಮುಂದು, ನಾನೇ ಕೆಡುಸ್ಕಂಡೆ ಅನ್ನೋರು. ಬಾಡೂಟ ಐತೆ, ತಪ್ಪದೆ ಬನ್ನಿ."

ಕಾರ್ಡ್ ಇಸಿದುಕೊಂಡೆ. ಹೋಗಲಿಲ್ಲ. ನನ್ನ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ, ಕ್ಷಮಿಸಬೇಕೆಂದು ನನಗೂ ಗೊತ್ತು. ಆದರೆ ಅವನಿಗೆ ತನ್ನ ತಪ್ಪು ತಿಳಿದಿತ್ತು ಅನ್ನುವುದೇ ನನ್ನನ್ನು ಇನ್ನಷ್ಟು ಸುಡುತ್ತದೆ. ಆಮೇಲೂ ಎಷ್ಟೋ ವರ್ಷ ಅವ್ವ ಅದೇ ಊರಿನಲ್ಲಿ, ಅವನ ಮನೆಯಿಂದ ಒಂದು ಕೂಗಿನ ದೂರದಲ್ಲಿ ಬದುಕಿದ್ದಳು...

ಕೂಗಲಿಲ್ಲ ಅವನು.