ಏಳುನೂರೇ ಕೆಜಿ

"ಎಷ್ಟು ಲೋಡ್ ಹಾಕ್ತೀರ?" ಅಂತ ಮೂಡಲಪಾಳ್ಯದ ಟೈರ್ ಅಂಗಡಿ ಯಜಮಾನರು ಕೇಳಿದಾಗ ನನ್ನ ಬಾಯಿ ತಾನಾಗೇ "ಏಳುನೂರೇ ಕೆಜಿ ಸಾರ್" ಅಂತು. ಪಿಕಪ್‌ನಲ್ಲಿ ನೆಲದ ಟೈಲ್ಸ್ ಸಾಗಿಸೋನು ನಾನು. ಗಾಡಿಗಿರೋ ಮಿತಿ ಅಷ್ಟೇ, ಹಾಗಾಗಿ ತೂಕ ಯಾರೇ ಕೇಳಲಿ, ಉತ್ತರ ಅದೇ.

ಅವರು ಪಕ್ಕದಲ್ಲಿ ಉಬ್ಬಿದ್ದ ನನ್ನ ಹಳೇ ಟೈರನ್ನ ಸವರಿದರು. "ಇದು ಬೇರೆ ಲೆಕ್ಕ ಹೇಳ್ತಿದೆ. ನಾನೇನು ಪೊಲೀಸಾ? ನಿಜ ಹೇಳಿ."

ಅತ್ತಿತ್ತ ನೋಡಿ, ದನಿ ತಗ್ಗಿಸಿ "ಸಾವಿರದ ನಾನೂರು" ಅಂದೆ. "ಅಷ್ಟು ತಡೆಯೋ ಟೈರೇ ಕೊಡಿ."

"ಟೈರ್ ತಡೆಯುತ್ತೆ, ನಿಮ್ಮ ಗಾಡಿ ಆಕ್ಸಲ್ ತಡೆಯುತ್ತಾ? ಗಾಡಿಗೆ ಕಂಪನಿ ಹೇಳಿರೋ ಟೈರ್ ಹಾಕಿಸಿ, ಲೋಡನ್ನ ಅರ್ಧ ಮಾಡಿ ಎರಡು ಟ್ರಿಪ್ ಹೊಡೀರಿ."

ಮನಸ್ಸಲ್ಲೇ ಬೈಕೊಂಡು ಒಪ್ಪಿದೆ. ಆವತ್ತಿಂದ ಎರಡು ಟ್ರಿಪ್ಪೇ.

ಮೊನ್ನೆ ನಾಗರಬಾವಿ ಸರ್ಕಲ್‌ನಲ್ಲಿ ಟ್ರಾಫಿಕ್ ಪೊಲೀಸ್ ಒಬ್ಬರು ಗಾಡಿಗೆ ಕೈ ಅಡ್ಡ ಹಾಕಿ, ಎಷ್ಟು ಲೋಡು ಅಂದರು. ಎದೆಯುಬ್ಬಿಸಿ "ಏಳುನೂರೇ ಕೆಜಿ ಸಾರ್" ಅಂದೆ. ಇಷ್ಟು ವರ್ಷದಲ್ಲಿ ಅದು ನಿಜವಾಗಿದ್ದು ಅವತ್ತೇ ಮೊದಲು.

ಅವರು ಜೋರಾಗಿ ನಕ್ಕರು. "ಎಲ್ಲಾರೂ ಇದನ್ನೇ ಹೇಳೋದು. ಹೋಗಿ, ಹೋಗಿ."

ಹಿಂದಿನವರೆಲ್ಲ ಹಾರ್ನ್ ಹೊಡೀತಿದ್ದರೂ ನಾನು ಮಾತ್ರ ಕದಲಲಿಲ್ಲ. "ಇಲ್ಲ ಸಾರ್, ನೀವು ತೂಕ ಹಾಕಿಸಲೇಬೇಕು!"