ಅಕ್ಕನ ಗದ್ದಕ್ಕೆ ಕರೆಂಟ್ ಸೂಜಿ

ನನಗಿಂತ ಹತ್ತು ವರ್ಷ ದೊಡ್ಡವಳಾದ ಅಕ್ಕನಿಗೆ ಗದ್ದದ ಮೇಲೆ ಕೂದಲು ಬರುತ್ತಿತ್ತು. ಗಂಡಸರ ಗಡ್ಡದಷ್ಟಲ್ಲ, ಆದರೆ ಬಿಸಿಲಿಗೆ ನಿಂತರೆ ಕಾಣುವಷ್ಟು. ಅಪ್ಪನಿಗೆ ಮಿಲ್ಲಿನಲ್ಲಿ ಕೆಲಸ. ಐವತ್ತರ ದಶಕದಲ್ಲಿ ಆಗಷ್ಟೇ ಬೆಳೆಯುತ್ತಿದ್ದ ರಾಜಾಜಿನಗರದಲ್ಲಿ ಎರಡು ಕೋಣೆಯ ಮನೆ ನಮ್ಮದು. ಅಕ್ಕ ಎಲ್ಲರಿಗಿಂತ ಮೊದಲೆದ್ದು, ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಚಿಮಟದಿಂದ ಒಂದೊಂದೇ ಕೂದಲು ಕೀಳುತ್ತಿದ್ದಳು. ಮತ್ತೆ ಬರುತ್ತಿತ್ತು. ಕಸ್ತೂರಿ ಅರಿಶಿನ ತಿಕ್ಕಿ ತಿಕ್ಕಿ ಅಮ್ಮನೂ ಸೋತಿದ್ದಳು.

ಒಮ್ಮೆ ಕುರುಬರಹಳ್ಳಿಯಿಂದ ಹೆಣ್ಣು ನೋಡಲು ಬಂದವರಲ್ಲಿ ಹುಡುಗನ ತಾಯಿ ಕುಂಕುಮ ಇಡುವ ನೆಪದಲ್ಲಿ ಅಕ್ಕನ ಮುಖವನ್ನು ಕಿಟಕಿಯ ಕಡೆಗೆ ತಿರುಗಿಸಿ ನೋಡಿದರು. ಆಮೇಲೆ ಅವರಿಂದ ಸುದ್ದಿಯೇ ಬರಲಿಲ್ಲ.

ದಂಡಿನ ಕಡೆ, ಅಂದರೆ ಕಂಟೋನ್ಮೆಂಟಿನಲ್ಲಿ, ಒಬ್ಬ ಲೇಡಿ ಡಾಕ್ಟರ್ ಕರೆಂಟಿನ ಸೂಜಿಯಿಂದ ಕೂದಲನ್ನು ಬುಡಸಮೇತ ತೆಗೆಯುತ್ತಾರೆಂದು ಅಪ್ಪನಿಗೆ ಯಾರೋ ಹೇಳಿದರು. ಹೋಗಿ ಕಂಡಾಗ ಆಕೆ ಏನನ್ನೂ ಮುಚ್ಚಿಡಲಿಲ್ಲ.

"ಬುಡ ಸತ್ತ ಕೂದಲು ತಿರುಗಿ ಬರಲ್ಲಮ್ಮ. ಆದ್ರೆ ಒಂದೊಂದಕ್ಕೂ ಸೂಜಿ ಹಾಕ್ಬೇಕು, ಎರಡು ವರ್ಷ ಹಿಡಿಯುತ್ತೆ. ಅವಸರ ಮಾಡಿದ್ರೆ ಕಲೆ ಉಳಿಯುತ್ತೆ. ಯೋಚನೆ ಮಾಡಿ."

"ಬರ್ತೀನಿ ಡಾಕ್ಟ್ರೇ," ಎಂದಳು ಅಕ್ಕ.

ಪ್ರತಿ ಶನಿವಾರ ಎರಡು ಬಸ್ಸು ಬದಲಿಸಿ ಹೋಗುತ್ತಿದ್ದೆವು. ಅಕ್ಕನ ಒಂದು ಕೈಯಲ್ಲಿ ಕರೆಂಟು ಹರಿಯಲೆಂದು ಕೊಟ್ಟ, ಒದ್ದೆ ಬಟ್ಟೆ ಸುತ್ತಿದ ಲೋಹದ ಕಡ್ಡಿ, ಇನ್ನೊಂದರಲ್ಲಿ ನನ್ನ ಕೈ. ಸೂಜಿ ಇಳಿದಾಗಲೆಲ್ಲ ನನ್ನ ಬೆರಳುಗಳು ನುಗ್ಗಾಗುತ್ತಿದ್ದವು. ನಾಲ್ಕು ತಿಂಗಳಾದ ಮೇಲೆ ಎಡಗಡೆ ಒಂದಿಷ್ಟು ಜಾಗ ನುಣುಪಾಗಿಯೇ ಉಳಿಯಿತು. "ಮುಟ್ಟಿ ನೋಡೇ," ಎಂದಳು. ಆ ದಿನ ಬಸ್ಸಿನಲ್ಲಿ ಅವಳು ಸೆರಗಿನಿಂದ ಮುಖ ಮುಚ್ಚಿಕೊಳ್ಳಲಿಲ್ಲ.

ಅಷ್ಟರಲ್ಲಿ ಇನ್ನೊಂದು ಸಂಬಂಧ ಕೂಡಿಬರುವಂತಿತ್ತು. ಅಮ್ಮನೇ ನಮ್ಮ ಜೊತೆ ಬಂದು ಡಾಕ್ಟರ ಮುಂದೆ ಕೂತಳು.

"ಮುಂದಿನ ತಿಂಗಳು ನೋಡೋಕ್ಕೆ ಬರ್ತಾರೆ. ಅಷ್ಟರೊಳಗೆ ಎಲ್ಲಾ ತೆಗೆದುಬಿಡಿ ತಾಯಿ."

ಡಾಕ್ಟರ್ ಆಗುವುದಿಲ್ಲವೆಂದರು. ಅಮ್ಮ ಅತ್ತಳು. ಕೊನೆಗೆ ಅವರು ಸೋತು, ವಾರಕ್ಕೆ ಮೂರು ಸಲ, ಒಂದೇ ಕಡೆ ಒತ್ತೊತ್ತಾಗಿ ಸೂಜಿ ಹಾಕಿದರು. ಗದ್ದ ಊದಿ ಹಕ್ಕಳೆ ಕಟ್ಟಿತು, ಕೀವಾಯಿತು. ವಾಸಿಯಾದಾಗ ಅಲ್ಲಿಯ ಕೂದಲು ಹೋಗಿತ್ತು. ಆ ಜಾಗದಲ್ಲಿ ಕಪ್ಪು ಕುಳಿಗಳಿದ್ದವು.

ನೋಡಲು ಬಂದವರು ಅದೇನೆಂದು ಕೇಳಿದರು. "ಚಿಕ್ಕವಳಿದ್ದಾಗ ಸಿಡುಬಾಗಿತ್ತು," ಎಂದಳು ಅಮ್ಮ.

ಅಕ್ಕ ತಲೆಯೆತ್ತಿದಳು. "ಸಿಡುಬಲ್ಲ. ಕೂದಲು ಬರ್ತಿತ್ತು, ತೆಗೆಸ್ಕೊಂಡೆ."

ಅವರು ಕಾಫಿ ಮುಗಿಸಿ ಹೊರಟರು. ಅಮ್ಮ ಅಕ್ಕನನ್ನು ಬೈಯಲಿಲ್ಲ. ಒಲೆಯ ಮುಂದೆ ಕೂತು, "ನಾನೇ ಹಾಳು ಮಾಡ್ದೆ," ಎಂದಷ್ಟೇ ಅಂದಳು.

ಅಕ್ಕ ಪ್ರೈಮರಿ ಶಾಲೆಯ ಮೇಡಂ ಆದಳು. ಮದುವೆಯಾಗಲಿಲ್ಲ. ಉಳಿದ ಕೂದಲನ್ನು ನಿಧಾನವಾಗಿ, ಒಬ್ಬಳೇ ಹೋಗಿ ತೆಗೆಸಿಕೊಂಡಳು. ಎಷ್ಟೋ ವರ್ಷಗಳ ನಂತರ, ಯಾಕಾದರೂ ಮಾಡಿಸಿಕೊಂಡೆನೋ ಅನ್ನಿಸುತ್ತಾ ಎಂದು ಕೇಳಿದೆ.

"ಕಲೆ ನೋಡಿದ್ರೆ ಬೇಜಾರಾಗುತ್ತೆ ಕಣೇ. ಆದ್ರೆ ಕನ್ನಡಿಗೆ ಹೆದರೋದು ತಪ್ಪಿತು," ಎಂದಳು.

ಅಮ್ಮನಿಗೆ ಮಾತ್ರ ಸಮಾಧಾನವಾಗಲೇ ಇಲ್ಲ. ಕಡೆಯ ದಿನಗಳಲ್ಲಿ ಹಾಸಿಗೆ ಹಿಡಿದಾಗ, ಅಕ್ಕ ಗಂಜಿ ಕುಡಿಸಲು ಬಗ್ಗಿ ಗದ್ದದ ಕಲೆ ಕಣ್ಣೆದುರಿಗೆ ಬಂದರೆ, ಬಾಯಿ ತೆರೆಯದೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅಕ್ಕ ಚಮಚ ಹಿಡಿದುಕೊಂಡು ಹಾಗೇ ಕಾಯುತ್ತಿದ್ದಳು.