ಅವ್ವನ ಬದನೆ, ವಸಂತಕ್ಕನ ಗಾಜಿನ ಮನೆ

ಲಂಡನ್ನಿಗೆ ಬಂದ ಮೇಲೆ ನಾನು ಮೊದಲ ಸಲ ಅತ್ತದ್ದು ಒಂದು ಬದನೆಕಾಯಿಯ ಮುಂದೆ. ತೊಂಬತ್ಮೂರರ ಅಕ್ಟೋಬರ್ ತಿಂಗಳು, ಬಂದು ಒಂಬತ್ತು ದಿನವಾಗಿತ್ತು. ಸೂಪರ್‌ಮಾರ್ಕೆಟ್ಟಿನಲ್ಲಿ ಮೈತುಂಬ ಪ್ಲಾಸ್ಟಿಕ್ ಸುತ್ತಿಕೊಂಡು ಮಲಗಿದ್ದ ಆ ಕಾಯಿ ನನ್ನ ಮೊಣಕೈಯಿಂದ ಅಂಗೈವರೆಗೆ ಉದ್ದವಿತ್ತು. ಇಲ್ಲಿ ಅದಕ್ಕೆ ಓಬರ್ಜೀನ್ ಎನ್ನುತ್ತಾರೆ. ಮನೆಗೆ ತಂದು ಹೆಚ್ಚಿದರೆ ಒಳಗೆಲ್ಲ ಸ್ಪಂಜು. ಶೇಂಗಾ, ಎಳ್ಳು, ಗುರೆಳ್ಳು ಪುಡಿ ಮಾಡಿಟ್ಟುಕೊಂಡು ಎಣಗಾಯಿ ಮಾಡಲು ಕೂತಿದ್ದೆ. ಅದರ ಹೊಟ್ಟೆಗೆ ಮಸಾಲೆ ತುಂಬಬೇಕಾದರೆ ಒಂದು ಕೊಳಗ ಬೇಕಿತ್ತು. ಈಳಿಗೆಯಿಲ್ಲದ ಆ ಅಡುಗೆಮನೆಯಲ್ಲಿ ಚಾಕು ಹಿಡಿದುಕೊಂಡೇ ಅತ್ತೆ.

ನಮ್ಮೂರು ವಿಜಯಪುರದ ಕಡೆ. ನಮ್ಮ ಬದನೆಕಾಯಿ ಮುಷ್ಟಿಯೊಳಗೆ ಅಡಗುತ್ತದೆ, ತೊಟ್ಟಿನ ತುಂಬ ಮುಳ್ಳು, ಬಣ್ಣ ನೇರಳೆಗೆ ಬಿಳಿ ಗೀರು. ಅವ್ವ ಪ್ರತಿವರ್ಷ ಗಿಡದಲ್ಲೇ ಒಳ್ಳೆಯದೊಂದು ಕಾಯಿ ಆರಿಸಿ ಅದಕ್ಕೆ ಕೆಂಪು ದಾರ ಕಟ್ಟುತ್ತಿದ್ದಳು. ದಾರ ಕಂಡರೆ ಯಾರೂ ಅದನ್ನು ಹರಿಯುವಂತಿಲ್ಲ, ಅದು ಬೀಜಕ್ಕೆ ಬಿಟ್ಟದ್ದು. ಹಣ್ಣಾಗಿ ಹಳದಿ ತಿರುಗಿದ ಮೇಲೆ ಕಿವುಚಿ, ಬೀಜ ತೆಗೆದು, ಬೂದಿ ಹಚ್ಚಿ, ಬಟ್ಟೆಯಲ್ಲಿ ಗಂಟು ಕಟ್ಟಿ ಇಡುವಳು. ನಾನು ಹೊರಡುವಾಗ ಉಡಿಯಲ್ಲಿ ಅಕ್ಕಿ, ಕೊಬ್ಬರಿಯ ಜೊತೆ ಅಂಥದ್ದೊಂದು ಗಂಟನ್ನೂ ಹಾಕಿದ್ದಳು. ಆಗ ನಕ್ಕಿದ್ದೆ. ಲಂಡನ್ನಿನ ರೇನರ್ಸ್ ಲೇನಿನಲ್ಲಿ ನಮಗಿದ್ದದ್ದು ಒಂದು ಬಾಡಿಗೆ ಫ್ಲಾಟು, ಎರಡನೇ ಮಹಡಿ. ಮಣ್ಣು ನೋಡಬೇಕಾದರೆ ಬೂಟಿನ ಅಡಿ ತಿರುಗಿಸಿ ನೋಡಬೇಕು.

ನಾಲ್ಕು ವರ್ಷ ಕಾದ ಮೇಲೆ ಪಿನ್ನರ್ ಕಡೆ ನಮಗೊಂದು ಅಲಾಟ್‌ಮೆಂಟ್ ಸಿಕ್ಕಿತು. ಅಲಾಟ್‌ಮೆಂಟ್ ಎಂದರೆ ಕೌನ್ಸಿಲ್‌ನವರು ಹೊಲವೊಂದನ್ನು ಪಟ್ಟಿ ಪಟ್ಟಿಯಾಗಿ ಸೀಳಿ, ಹಿತ್ತಿಲಿಲ್ಲದವರಿಗೆ ತರಕಾರಿ ಬೆಳೆದುಕೊಳ್ಳಲು ಬಾಡಿಗೆಗೆ ಕೊಡುವ ತುಂಡು. ನನಗೆ ಸಿಕ್ಕ ತುಂಡಿನ ಪಕ್ಕದಲ್ಲೇ ವಸಂತಕ್ಕನ ತುಂಡು. ಅಲ್ಲಿಂದ ಶುರುವಾಯಿತು ನನ್ನ ಹೊಟ್ಟೆಕಿಚ್ಚು.

ವಸಂತಕ್ಕ ಕುಂದಾಪುರದವರು. ಗಂಡ ರೇನರ್ಸ್ ಲೇನಿನ ಒಂದು ಹೋಟೆಲಿನಲ್ಲಿ ಅಡುಗೆಯವರು. ವಸಂತಕ್ಕ ನನಗಿಂತ ಆರು ವರ್ಷ ದೊಡ್ಡವರು, ನನಗಿಂತ ಆರು ವರ್ಷ ಮೊದಲೇ ಬಂದವರು, ಎಲ್ಲದರಲ್ಲೂ ನನಗಿಂತ ಒಂದು ಹೆಜ್ಜೆ ಮುಂದೆ. ಆಗ ಇಲ್ಲಿಯ ಮನೆಗಳವರು ಹಳೆ ಕಿಟಕಿ ಕಿತ್ತುಹಾಕಿ ಎರಡು ಪದರಿನ ಗಾಜು ಹಾಕಿಸಿಕೊಳ್ಳುತ್ತಿದ್ದ ಕಾಲ. ಬೀದಿಯಲ್ಲಿ ಬಿಸಾಕಿದ ಕಿಟಕಿಗಳನ್ನೆಲ್ಲ ಅವರ ಯಜಮಾನರು ಹೊತ್ತು ತಂದು, ಒಂದಕ್ಕೊಂದು ಜೋಡಿಸಿ, ಹೆಂಡತಿಗೆ ಗಾಜಿನ ಮನೆಯನ್ನೇ ಕಟ್ಟಿಕೊಟ್ಟಿದ್ದರು. ಒಳಗೆ ಬಸಳೆ ಬಳ್ಳಿ ಸೂರು ಮುಟ್ಟುತ್ತಿತ್ತು. ಹಸಿಮೆಣಸು, ಅವರ ಕಡೆಯ ದುಂಡನೆಯ ಗುಳ್ಳಬದನೆ, ಎಲ್ಲ. ಹೊರಗೆ ಚಳಿಗೆ ನನ್ನ ಮೂಗು ಸೋರುತ್ತಿದ್ದರೆ ಅವರು ಒಳಗೆ ಸ್ವೆಟರ್ ಬಿಚ್ಚಿಟ್ಟು ಕೆಲಸ ಮಾಡುತ್ತಿದ್ದರು. ನಮ್ಮವರಿಗೆ ಗೋಡೆಗೆ ಮೊಳೆ ಹೊಡೆಯಲು ಬರುವುದಿಲ್ಲ. ನನಗೆ ಅವರ ಗಿಡದ ಮೇಲಷ್ಟೇ ಅಲ್ಲ, ಅವರ ಗಂಡನ ಸುತ್ತಿಗೆಯ ಮೇಲೂ ಹೊಟ್ಟೆ ಉರಿಯುತ್ತಿತ್ತು.

ಊರಲ್ಲಿ ಎರೆಮಣ್ಣು. ಬೀಜ ಚೆಲ್ಲಿ ತಿರುಗಿ ನೋಡದಿದ್ದರೂ ಏನೋ ಒಂದು ಬರುತ್ತದೆ. ಇಲ್ಲಿಯದು ಜೇಡಿ, ಮಳೆ ಬಂದರೆ ಬೂಟು ಕಚ್ಚಿ ಹಿಡಿಯುತ್ತದೆ, ಬಿಸಿಲು ಬಂದರೆ ಇಟ್ಟಿಗೆ. ಊರಲ್ಲಿ ಬಿಸಿಲಿಗೆ ಬೈಯುತ್ತಿದ್ದ ನಾನು ಇಲ್ಲಿ ಸೂರ್ಯ ಮುಖ ತೋರಿಸಿದರೆ ಕುಂಡ ಹೊತ್ತುಕೊಂಡು ಕಿಟಕಿಯಿಂದ ಕಿಟಕಿಗೆ ಓಡುತ್ತಿದ್ದೆ. ಮೊದಲ ವರ್ಷ ನನ್ನ ಬದನೆಯನ್ನು ಸ್ಲಗ್ ತಿಂದವು. ಸ್ಲಗ್ ಎಂದರೆ ಚಿಪ್ಪಿಲ್ಲದ ಬಸವನಹುಳು, ಮಾನವಿಲ್ಲದ ಜಾತಿ. ಎರಡನೇ ವರ್ಷ ಹೂವಾಯಿತು, ಉದುರಿತು. ಆಲೂಗಡ್ಡೆ, ಮೆಂತ್ಯ ಬಂದವು, ಸುಳ್ಳು ಹೇಳಬಾರದು. ಆದರೆ ಆಲೂಗಡ್ಡೆ ಈ ದೇಶದಲ್ಲಿ ಯಾರಿಗೆ ಬರುವುದಿಲ್ಲ?

ನಮ್ಮ ಕನ್ನಡದವರ ಯುಗಾದಿ ಊಟಕ್ಕೆ ವಸಂತಕ್ಕ ಗುಳ್ಳದ ಹುಳಿ ಮಾಡಿಕೊಂಡು ಬರುತ್ತಿದ್ದರು. ಬೇಸಿಗೆಯಲ್ಲಿ ಬೆಳೆದದ್ದನ್ನು ಫ್ರೀಜರಿನಲ್ಲಿ ಇಟ್ಟು ಕಾಯ್ದದ್ದು. ಬೆಂಗಳೂರಿನವರು, ಧಾರವಾಡದವರು, ಎಲ್ಲರೂ ಅದರ ಸುತ್ತ. ಒಂದು ಯುಗಾದಿಗೆ ನಮ್ಮವರು ಎರಡನೇ ಸಲ ಬಡಿಸಿಕೊಂಡು ಬಂದು, "ಭಾರಿ ಆಗೇದ ನೋಡು, ನೀನೂ ತಿನ್ನು" ಎಂದರು. ನಾನು ಹೊಟ್ಟೆ ಸರಿಯಿಲ್ಲ ಎಂದೆ. ಅದು ನಿಜವೇ ಆಗಿತ್ತು.

ಆ ವರ್ಷವೇ ಅವ್ವ ತೀರಿಕೊಂಡಳು. ನಾನು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ದಿನಕರ್ಮವಾದ ಮೇಲೆ ವೈನಿಯನ್ನು, ಅಂದರೆ ಅಣ್ಣನ ಹೆಂಡತಿಯನ್ನು, ಬದನೆ ಬೀಜ ಕೇಳಿದೆ. "ಎಲ್ಲೀದವ್ವಾ, ಈಗ ಅಂಗಡಿ ಪಾಕೀಟಿಂದು ಹಾಕ್ತೀವಿ. ಅತ್ತಿಯವರು ಹಾಸಗಿ ಹಿಡದ ಮ್ಯಾಲೆ ಆ ಬೀಜ ಯಾರೂ ಹಿಡೀಲಿಲ್ಲ" ಎಂದಳು. ಅವಳ ತಪ್ಪಲ್ಲ. ಆದರೆ ಅಲ್ಲಿಗೆ ಅವ್ವನ ಬದನೆಯ ತಳಿ ಉಳಿದದ್ದು ನನ್ನ ಗಂಟಿನ ತಳದಲ್ಲಿ ಮಾತ್ರ. ಅದೂ ಹಳೆಯದಾಗುತ್ತಿತ್ತು. ಇನ್ನೊಂದು ವರ್ಷ ಇಟ್ಟರೆ ಬೀಜ ಸತ್ತೇ ಹೋಗುತ್ತದೆ.

ತಿರುಗಿ ಬಂದು ಫೆಬ್ರವರಿಯಲ್ಲಿ ಗಂಟು ಬಿಚ್ಚಿದೆ. ಅವ್ವ ಮಾಡುತ್ತಿದ್ದ ಹಾಗೆ ಬಟ್ಟಲು ನೀರಿಗೆ ಬೀಜ ಸುರಿದೆ. ತಳಕ್ಕಿಳಿದದ್ದು ಗಟ್ಟಿ, ತೇಲಿದ್ದು ಜೊಳ್ಳು. ಗಟ್ಟಿಯವು ಐವತ್ತರಷ್ಟು ಸಿಕ್ಕವು, ತೇಲಿದವು ಅದಕ್ಕಿಂತ ಕಡಿಮೆ. ಆ ವಾರವೇ ವಸಂತಕ್ಕ ಬಾಗಿಲಿಗೆ ಬಂದರು. "ಮಾದೇವಿ, ನಿಮ್ಮ ತಾಯಿ ಬದನೆ ಬೀಜ ನಾಕು ನಂಗೂ ಕೊಡಿ ಮಾರಾಯ್ರೆ. ನನ್ನ ಗಾಜಿನ ಮನೆಯಲ್ಲಿ ಜಾಗ ಇತ್ತ್. ಒಬ್ಬರ ಹತ್ರ ಹೋದರೂ ಇನ್ನೊಬ್ಬರ ಹತ್ರ ಉಳೀತದೆ" ಎಂದರು.

ಆ ಮಾತು ಎಷ್ಟು ಸರಿ ಎಂದು ಈಗ ಗೊತ್ತಾಗುತ್ತದೆ. ಆಗ ನನಗೆ ಕೇಳಿಸಿದ್ದು ಬೇರೆ. ನನ್ನ ಅವ್ವನ ಬದನೆಯೂ ಇವರ ಕೈಯಲ್ಲೇ ಕಾಯಿ ಬಿಡಬೇಕು, ಅದನ್ನೂ ಜನ ಇವರ ಪಾತ್ರೆಯ ಸುತ್ತ ನಿಂತು ಹೊಗಳಬೇಕು, ನಮ್ಮವರು ಎರಡನೇ ಸಲ ಬಡಿಸಿಕೊಳ್ಳಬೇಕು. ಬೀಜ ಕೇಳಿದವರಿಗೆ ಇಲ್ಲ ಎನ್ನಬಾರದು, ಅದು ನಮ್ಮ ಮನೆಯ ರೀತಿ. ಇಲ್ಲ ಎನ್ನಲಿಲ್ಲ. ಒಳಗೆ ಹೋಗಿ, ಒಣಹಾಕಿದ್ದ ಜೊಳ್ಳನ್ನು ಕಾಗದದಲ್ಲಿ ನೀಟಾಗಿ ಮಡಚಿ, ಮೇಲೆ ಒಂದು ಚೂರು ಕುಂಕುಮ ಬೇರೆ ಹಚ್ಚಿ, ಅವರ ಕೈಗಿಟ್ಟೆ. ಅವರು ಕಣ್ಣಿಗೊತ್ತಿಕೊಂಡರು. ನನಗೆ ಆಗ ನಾಚಿಕೆಯಾಗಲಿಲ್ಲ. ಖುಷಿಯಾಯಿತು.

ನನ್ನ ಬೀಜ ಬಿಸಿನೀರಿನ ಟ್ಯಾಂಕ್ ಇಟ್ಟ, ಸದಾ ಬೆಚ್ಚಗಿರುವ ಬೀರುವಿನಲ್ಲಿ ಮೊಳೆತವು. ಮೂವತ್ತೊಂದು ಸಸಿ. ಕಿಟಕಿಯ ಕಟ್ಟೆಯ ಮೇಲೆ ಏಪ್ರಿಲ್ ಮುಗಿಯುವಷ್ಟರಲ್ಲಿ ಗೇಣುದ್ದ. ಊರಿನಿಂದ ತಂದ ಪಂಚಾಂಗ ತೆಗೆದು ನೋಡಿದೆ. ಅಕ್ಷಯ ತದಿಗೆ ಹತ್ತಿರವಿತ್ತು. ಆ ದಿನ ಮಣ್ಣಿಗೆ ಹಾಕಿದ್ದು ಕ್ಷಯವಾಗುವುದಿಲ್ಲ ಎಂದು ಅವ್ವ ಪ್ರತಿವರ್ಷ ಏನಾದರೂ ಊರುತ್ತಿದ್ದಳು. ನಾನೂ ಸಸಿಗಳನ್ನು ಹೊತ್ತುಕೊಂಡು ಅಲಾಟ್‌ಮೆಂಟಿಗೆ ಹೋದೆ. ಹಿತವಾದ ಬಿಸಿಲು. ವಸಂತಕ್ಕ ಗಾಜಿನ ಮನೆಯಿಂದ ಹೊರಗೆ ಬಂದು ನೋಡಿದರು.

"ಹ್ವಾಯ್, ಈಗಲೇ ನೆಡಬೇಡಿ. ಮೇ ಮುಗಿಲಿ."

"ಇಂಥ ಬಿಸಿಲೈತಲ್ರೀ."

"ಈ ಬಿಸಿಲು ನಂಬುಕಾಗ. ಇನ್ನೂ ಹಿಮ ಬೀಳ್ತದೆ. ಬೇಕಾರೆ ಒಂದೈದಾರು ಸಸಿ ನನ್ನ ಗಾಜಿನ ಮನೆಯೊಳಗೆ ಇಡಿ, ಜಾಗ ಮಾಡ್ತೆ."

"ಬ್ಯಾಡ್ರೀ ಅಕ್ಕಾರ. ನಮ್ಮ ಗಿಡ ಬಯಲಾಗ ಬೆಳೆಯೂವು, ಪೆಟ್ಟಿಗ್ಯಾಗ ಬೆಳೆಯೂವಲ್ಲ."

ನನಗೆ ಖಾತ್ರಿಯಿತ್ತು, ನನ್ನ ಕಾಯಿ ತಮ್ಮದಕ್ಕಿಂತ ಮೊದಲು ಬರಬಾರದೆಂದೇ ಇವರು ಹೀಗೆ ಹೇಳುತ್ತಿದ್ದಾರೆ ಎಂದು. ಹೊಟ್ಟೆಕಿಚ್ಚಿನವರಿಗೆ ಎದುರಿನವರೂ ಹೊಟ್ಟೆಕಿಚ್ಚಿನವರಂತೆಯೇ ಕಾಣುತ್ತಾರೆ. ಮೂವತ್ತೊಂದನ್ನೂ ನೆಟ್ಟೆ. ಒಂದೂ ಮನೆಯಲ್ಲಿ ಉಳಿಸಿಕೊಳ್ಳಲಿಲ್ಲ.

ನಾಲ್ಕನೇ ದಿನ ಬೆಳಿಗ್ಗೆ ಹೋದರೆ ಹುಲ್ಲಿನ ಮೇಲೆ ಬಿಳಿ ಪುಡಿ ಹಾಸಿತ್ತು. ನನ್ನ ಸಸಿಗಳು ಕುದಿಸಿ ಬಸಿದ ಸೊಪ್ಪಿನ ಹಾಗೆ ಕಪ್ಪಗೆ ಮಣ್ಣಿಗೆ ಅಂಟಿಕೊಂಡಿದ್ದವು. ಊರಲ್ಲಿ ಅದೇ ಹೊತ್ತಿಗೆ ಬರಿಗಾಲಲ್ಲಿ ಅಂಗಳಕ್ಕೆ ಇಳಿದರೆ ಕಾಲು ಸುಡುತ್ತದೆ. ಮೇ ತಿಂಗಳಲ್ಲಿ ಚಳಿಗೆ ಗಿಡ ಸಾಯುತ್ತದೆಂದು ಯಾವ ಪಂಚಾಂಗದಲ್ಲಿ ಬರೆದಿದೆ? ಒಂದೊಂದನ್ನೇ ಮುಟ್ಟಿ ನೋಡಿದೆ. ಮೂವತ್ತೊಂದೂ ಹೋಗಿದ್ದವು. ಅವ್ವ ಎರಡನೇ ಸಲ ಸತ್ತ ಹಾಗಾಯಿತು, ಈ ಸಲ ನನ್ನ ಕೈಯಿಂದ.

ಮಗಳು ಸ್ಕೂಲಿನಿಂದ ಬಂದು ನನ್ನ ಮುಖ ನೋಡಿ, "ಮಮ್, ಇಟ್ಸ್ ಓನ್ಲಿ ಓಬರ್ಜೀನ್" ಎಂದಳು. ಅವಳಿಗೆ ಕನ್ನಡ ಎಲ್ಲ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷು. ನಮ್ಮವರು, "ವಸಂತಕ್ಕಗ ಒಂದಿಷ್ಟು ಬೀಜ ಕೊಟ್ಟಿದ್ದೆಲ್ಲ, ಹೋಗಿ ಕೇಳು" ಎಂದರು. ಏನೆಂದು ಕೇಳಲಿ? ಜೊಳ್ಳು ಕೊಟ್ಟಿದ್ದೆನೆಂದು ಗಂಡನಿಗೂ ಹೇಳಲಾರೆ. ಆ ಬೇಸಿಗೆಯೆಲ್ಲ ವಸಂತಕ್ಕ ಇಲ್ಲದ ಹೊತ್ತು ನೋಡಿಕೊಂಡು ಅಲಾಟ್‌ಮೆಂಟಿಗೆ ಹೋದೆ. ಗಾಜಿನ ಮನೆಯ ಕಡೆ ಕತ್ತೆತ್ತಲಿಲ್ಲ.

ಸೆಪ್ಟೆಂಬರಿನ ಒಂದು ಭಾನುವಾರ ಅವರೇ ಹಿಡಿದರು. "ಬನ್ನಿ ಒಳಗೆ, ಒಂದು ಕಾಂಬುಕಿತ್ತ್, ತೋರಿಸ್ತೆ" ಎಂದು ಕೈ ಹಿಡಿದು ಎಳೆದುಕೊಂಡು ಹೋದರು. ಒಳಗೆ ಬಸಳೆಯ ವಾಸನೆ, ಬೆಚ್ಚಗೆ, ನನ್ನ ಕನ್ನಡಕಕ್ಕೆ ಆವಿ ಕವಿಯಿತು. ಒರೆಸಿಕೊಂಡು ನೋಡಿದರೆ ಮೂಲೆಯಲ್ಲಿ ಮೂರು ಬದನೆ ಗಿಡ. ನೇರಳೆಗೆ ಬಿಳಿ ಗೀರು. ತೊಟ್ಟಿನ ತುಂಬ ಮುಳ್ಳು. ಒಂದು ಕಾಯಿ ಹಣ್ಣಾಗಿ ಹಳದಿ ತಿರುಗಿತ್ತು, ಅದರ ತೊಟ್ಟಿಗೆ ಕೆಂಪು ದಾರ ಕಟ್ಟಿತ್ತು. ಅವ್ವ ಕಟ್ಟುತ್ತಿದ್ದದ್ದನ್ನು ನಾನು ಅವರಿಗೆ ಎಂದೂ ಹೇಳಿರಲಿಲ್ಲ. ಅವರ ಕಡೆಯೂ ಹಾಗೇ ಕಟ್ಟುತ್ತಾರಂತೆ.

ನಾನು ಅಳುವುದಕ್ಕೆ ಮೊದಲು ನನಗೆ ಬಂದದ್ದು ಹೊಟ್ಟೆಕಿಚ್ಚೇ. ನನ್ನ ಗಟ್ಟಿ ಬೀಜ ಸತ್ತು, ಇವರಿಗೆ ಕೊಟ್ಟ ಜೊಳ್ಳು ಬದುಕಿತಲ್ಲ! ಅದೇನು ಕೈಗುಣವೋ ಎಂದು ಹಲ್ಲು ಕಚ್ಚಿದೆ.

ವಸಂತಕ್ಕ ಆ ಹಳದಿ ಕಾಯಿಯನ್ನು ದಾರದ ಸಮೇತ ಕತ್ತರಿಸಿ ನನ್ನ ಸೆರಗಿಗೆ ಹಾಕಿದರು. "ಬೀಜಕ್ಕೆ. ನಿಮ್ಮದೇ" ಎಂದರು. ಆಮೇಲೆ ಕತ್ತರಿ ಒರೆಸುತ್ತ, ನನ್ನ ಮುಖ ನೋಡದೆ ಹೇಳಿದರು: "ಫೆಬ್ರವರಿಯಲ್ಲೇ ನೀರಿಗೆ ಹಾಕಿ ಕಂಡಿದ್ದೆ, ಮಾದೇವಿ. ಎಲ್ಲಾ ತೇಲಿದೊ. ಬಿಸಾಡುಕೆ ಮನಸ್ಸು ಬರಲಿಲ್ಲ. ತಾಯಿ ಬೀಜ ಅಲ್ದಾ?"

ತಪ್ಪಾಯಿತು ಎನ್ನಬೇಕಿತ್ತು. "ಎಣಗಾಯಿ ಮಾಡಿ ತರ್ತೀನ್ರಿ" ಎಂದೆ. "ತನ್ನಿ, ಖಾರ ಸ್ವಲ್ಪ ಕಮ್ಮಿ ಹಾಕಿ" ಎಂದರು. ಅಷ್ಟೇ. ಅವತ್ತಿನಿಂದ ಇವತ್ತಿನವರೆಗೆ ಅವರು ಆ ವಿಷಯ ಎತ್ತಿಲ್ಲ. ಎತ್ತಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರ ಆ ದೊಡ್ಡತನದ ಮೇಲೂ ನನಗೆ ಹೊಟ್ಟೆಕಿಚ್ಚಿದೆ.

ಮುಂದಿನ ವರ್ಷದಿಂದ ನನ್ನ ಸಸಿಗಳೂ ಅವರ ಗಾಜಿನ ಮನೆಯಲ್ಲೇ ಬೆಳೆದವು. ಯುಗಾದಿ ಊಟಕ್ಕೆ ನಾನು ಎಣಗಾಯಿ ಮಾಡಿಕೊಂಡು ಹೋದರೆ ಜನ, "ವಸಂತಕ್ಕನ ಬದನೆಯದಾ?" ಎಂದು ಕೇಳುತ್ತಾರೆ. ಹೌದು ಎನ್ನುತ್ತೇನೆ. ಹೇಳುವಾಗ ಇವತ್ತಿಗೂ ಒಳಗೊಂದು ಮುಳ್ಳು ಆಡುತ್ತದೆ.

ಎರಡು ವರ್ಷ ಬಿಟ್ಟು ಊರಿಗೆ ಹೋದಾಗ ಆ ಬೀಜಕ್ಕೆ ಬೂದಿ ಹಚ್ಚಿ, ಗಂಟು ಕಟ್ಟಿ ವೈನಿಗೆ ಒಯ್ದುಕೊಟ್ಟೆ. ಅವ್ವನದು, ಜ್ವಾಕಿ ಎಂದೆ. ವೈನಿ ಬಾವಿಯ ಹತ್ತಿರ ಚೆಲ್ಲಿದಳಂತೆ. ಗಾಜಿನ ಮನೆಯಿಲ್ಲ, ಟ್ಯಾಂಕಿನ ಬೀರುವಿಲ್ಲ, ಕಿಟಕಿಯಿಂದ ಕಿಟಕಿಗೆ ಹೊತ್ತವರಿಲ್ಲ. "ಎದಿಮಟ್ಟ ಬೆಳದಾವ, ಹರದಷ್ಟೂ ಕಾಯಿ" ಎಂದು ಫೋನಿನಲ್ಲಿ ಹೇಳಿದಳು. ಮುಂದಿನ ಸಲ ಹೋದಾಗ ಕಣ್ಣಾರೆ ಕಂಡೆ. ಆ ಗಿಡಗಳ ಮುಂದೆ ನಿಂತು ನನಗೆ ಬಂದದ್ದು ಸಂತೋಷ ಎಂದು ಬರೆಯಬಹುದು, ನೀವು ನಂಬಲೂಬಹುದು. ಬಂದದ್ದು ಅದಲ್ಲ. ಹತ್ತು ವರ್ಷ ಹೊರಗಿದ್ದು ಬಂದವು ಯಾರನ್ನೂ ಏನೂ ಕೇಳದೆ ಆ ಮಣ್ಣಲ್ಲಿ ಮತ್ತೆ ಬೇರು ಬಿಟ್ಟಿದ್ದವಲ್ಲ! ನನಗೋ ಆ ಮನೆಯ ಹಾಸಿಗೆಯಲ್ಲಿ ನಿದ್ದೆ ಬರುತ್ತಿರಲಿಲ್ಲ, ಕುಡಿಯುವ ನೀರು ಕುದಿಸಿಕೊಳ್ಳಬೇಕಾಗಿತ್ತು.

ಹೊರಡುವ ದಿನ ವೈನಿ ಗೋಡೆಯ ಗೂಡಿನಿಂದ ಡಬ್ಬಿ ಇಳಿಸಿ, ನನಗೂ ಒಂದಿಷ್ಟು ಬೀಜ ಕಟ್ಟಿಕೊಟ್ಟಳು. ಡಬ್ಬಿಗೆ ಕಾಗದ ಅಂಟಿಸಿ ಅಣ್ಣನ ಮಗಳು ದುಂಡಗಿನ ಅಕ್ಷರದಲ್ಲಿ ಬರೆದಿದ್ದಳು: ಲಂಡನ್ ಬದನಿ.